ಚಳಿಗಾಲದಲ್ಲಿ ಒದ್ದೆ ಕೈಗಳು

ಇಂಗ್ಲೆಂಡ್, ಸ್ಕಾಟ್‌ಲೆಂಡ್‌ಗಳ ಊರುಗಳಲ್ಲಿ ಮನೆಮನೆಯ ಕಿಟಕಿಗಳನ್ನು ತೊಳೆಯುವುದೇ ಒಂದು ಸ್ವತಂತ್ರ ಕಸಬು. ಅಲ್ಲಿಯ ಮನೆಗಳಿಗೆ ಅಗಲವಾದ ಗಾಜಿನ ಕಿಟಕಿಗಳು. ಮಳೆಯ ಹನಿ, ವಾಹನಗಳ ಹೊಗೆ, ಧೂಳು ಇವು ಸೇರಿ ಕೆಲವೇ ವಾರಗಳಲ್ಲಿ ಗಾಜು ಮಸುಕಾಗುತ್ತದೆ. ಮಹಡಿಯ ಕಿಟಕಿಯ ಹೊರಮೈಯನ್ನು ಒಳಗೆ ನಿಂತು ತೊಳೆಯುವುದು ಮನೆಯವರಿಗೆ ಸುಲಭವಲ್ಲ. ಆದುದರಿಂದ ಏಣಿ, ಬಕೆಟ್ಟುಗಳೊಡನೆ ಬೀದಿಯಿಂದ ಬೀದಿಗೆ ಸಾಗುವ ಕೆಲಸಗಾರನೊಬ್ಬನು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಬಂದು ಈ ಕೆಲಸವನ್ನು ಮಾಡಿಹೋಗುತ್ತಾನೆ. ನಮ್ಮಲ್ಲಿ ಹಾಲಿನವನಿಗೆ ವರ್ತನೆಯ ಮನೆಗಳಿರುವಂತೆ ಅವನಿಗೂ ವರ್ತನೆಯ ಮನೆಗಳುಂಟು. ಹಿಂದೆ ಏಣಿಯನ್ನು ತಳ್ಳುಗಾಡಿಯ ಮೇಲೋ ಸೈಕಲ್ಲಿನ ಮಗ್ಗುಲಲ್ಲೋ ಕಟ್ಟಿಕೊಂಡು ಬರುತ್ತಿದ್ದನು. ಈಗ ಸಣ್ಣ ವ್ಯಾನಿನಲ್ಲಿ ಬರುತ್ತಾನೆ.

ಈ ಕಸಬಿನವರಲ್ಲಿ ಬಹುಮಂದಿ ತಮಗೆ ತಾವೇ ಯಜಮಾನರು. ತೊಳೆದ ಮನೆಗಷ್ಟೇ ಹಣ. ತೊಳೆಯದ ದಿನ ಆದಾಯವಿಲ್ಲ. ಕಾರ್ಖಾನೆಯ ನೌಕರನಿಗೆ ಬ್ರಿಟನ್ನಿನ ಕಾನೂನು ಕೊಡಿಸುವ ಕಾಯಿಲೆಯ ವೇತನ ಸ್ವಂತ ಉದ್ಯೋಗದವನಿಗೆ ಸಿಗುವುದಿಲ್ಲ. ಅಲ್ಲದೆ ಡಿಸೆಂಬರ್ ಕೊನೆಯಲ್ಲಿ ಗ್ಲಾಸ್ಗೋ ನಗರದ ಹಗಲು ಸುಮಾರು ಏಳೇ ಗಂಟೆಗಳದು. ಬೇಸಗೆಯಲ್ಲಿ ಬಿಡುವಾಗಿ ಮಾಡುತ್ತಿದ್ದ ಕೆಲಸವನ್ನು ಅಷ್ಟು ಹೊತ್ತಿನೊಳಗೆ ತುರುಕಬೇಕು. ಹೀಗಿರುವಾಗ ಬೆಳಗ್ಗೆ ಎದ್ದು ಅಂಗಳದ ಹುಲ್ಲು ಮಂಜಿನಿಂದ ಬೆಳ್ಳಗಾಗಿರುವುದನ್ನು ಕಂಡವನು "ಈ ದಿನ ಬೇಡ" ಎಂದು ಮತ್ತೆ ಹೊದ್ದು ಮಲಗುವುದು ಅಪರೂಪ. ಅವನು ಹೊರಡುತ್ತಾನೆ. ಅವನ ಕೈಗೆ ಆಗುವುದೇನು, ಅದನ್ನು ತಡೆಯುವುದು ಹೇಗೆ ಎಂಬುದು ಆ ಕಸಬಿನವರಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಚಳಿಯಲ್ಲಿ ನೀರು ಮುಟ್ಟಿ ದುಡಿಯುವ ಎಲ್ಲರ ಪ್ರಶ್ನೆಯೂ ಅದೇ.

ಮೊದಲು ನೀರಿನ ವಿಚಾರವನ್ನು ನೋಡಬಹುದು. ಶೂನ್ಯಕ್ಕಿಂತ ಕೆಳಗಿನ ಚಳಿಯಲ್ಲಿ ಗಾಜಿಗೆ ಬಳಿದ ನೀರಿನ ತೆಳುಪದರ, ಒರೆಸುವ ರಬ್ಬರ್ ಪಟ್ಟಿ ಬರುವುದರೊಳಗೇ ಹೆಪ್ಪುಗಟ್ಟುತ್ತದೆ. ಹಿತ್ತಾಳೆಯ ಹಿಡಿಗೆ ರಬ್ಬರ್ ಕೂಡಿಸಿದ ಈ ಸಲಕರಣೆಗೆ ಇಂದಿನ ರೂಪ ಕೊಟ್ಟವನು ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋಗಿದ್ದ ಎಟ್ಟೊರೆ ಸ್ಟೆಕ್ಕೋನೆ. 1936ರಲ್ಲಿ ಅವನು ಅದನ್ನು ರೂಪಿಸಿದುದು ಕ್ಯಾಲಿಫೋರ್ನಿಯದ ಓಕ್‌ಲೆಂಡ್‌ನಲ್ಲಿ. ಅಲ್ಲಿ ಹಿಮದ ಚಿಂತೆ ಇರಲಿಲ್ಲವೆನ್ನಬಹುದು. ಚಳಿಗೆ ರಬ್ಬರೂ ಬಿರುಸಾಗುತ್ತದೆ. ಇದಕ್ಕೆ ಕಸಬಿನವರು ಕಂಡುಕೊಂಡ ಹಳೆಯ ಉಪಾಯವೆಂದರೆ ಬಕೆಟ್ಟಿನ ನೀರಿಗೆ ಸ್ಪಿರಿಟ್ ಬೆರೆಸುವುದು. ನಮ್ಮ ಮನೆಗಳಲ್ಲಿ ಪಂಪ್ ಸ್ಟವ್ ಹಚ್ಚಲು ಬಳಸುತ್ತಿದ್ದಂಥದೇ ಸ್ಪಿರಿಟ್. ನೂರು ಪಾಲಿನಲ್ಲಿ ಹತ್ತು ಪಾಲು ಅದಿದ್ದರೆ ನೀರು ಹೆಪ್ಪುಗಟ್ಟುವ ಮಟ್ಟ ಶೂನ್ಯದಿಂದ ಸುಮಾರು 4 ಡಿಗ್ರಿ ಸೆಂಟಿಗ್ರೇಡಿನಷ್ಟು ಕೆಳಗಿಳಿಯುತ್ತದೆ.

ಗಾಜಿಗೆ ಇದು ಒಳ್ಳೆಯದು, ಕೈಗೆ ಅಲ್ಲ. ಶುದ್ಧ ನೀರು ದ್ರವವಾಗಿರುವವರೆಗೆ ಸಾಮಾನ್ಯವಾಗಿ ಶೂನ್ಯಕ್ಕಿಂತ ಕೆಳಗಿಳಿಯುವುದಿಲ್ಲ, ಮುಂದೆ ಅದು ಗಟ್ಟಿಯಾಗಿ ತನ್ನ ಅಪಾಯವನ್ನು ತಾನೇ ಸಾರುತ್ತದೆ. ಸ್ಪಿರಿಟ್ ಬೆರೆತ ನೀರಾದರೋ ಶೂನ್ಯಕ್ಕಿಂತ ತಣ್ಣಗಾಗಿದ್ದರೂ ಹರಿಯುತ್ತಲೇ ಇರುತ್ತದೆ, ಬೆರಳಿನ ಸುತ್ತ ಒಂದು ಎಡೆಯನ್ನೂ ಬಿಡದೆ ಅಂಟಿಕೊಳ್ಳುತ್ತದೆ. ಮೇಲಾಗಿ ಸ್ಪಿರಿಟ್ ಬೇಗ ಆವಿಯಾಗುತ್ತದೆ, ಚರ್ಮದ ಜಿಡ್ಡನ್ನು ತೆಗೆದುಬಿಡುತ್ತದೆ. ಅದರ ಆವಿ ಬೇಗ ಹೊತ್ತಿಕೊಳ್ಳುವಂಥದು. ಮುಚ್ಚಿದ ವ್ಯಾನಿನಲ್ಲಿ ಬೀಡಿ ಸಿಗರೇಟು ಸೇದುವವರಿಗೆ ಇದು ನೆನಪಿರಬೇಕು. ಬಿಸಿನೀರು ತಂದರಾಯಿತಲ್ಲ ಎಂದು ತೋರಬಹುದು. ಕೊರೆಯುವ ಚಳಿಯಲ್ಲಿರುವ ಗಾಜಿನ ಮೇಲೆ ಕುದಿಬಿಸಿ ನೀರು ಬಿದ್ದರೆ ಗಾಜು ಬಿರಿಯುತ್ತದೆ. ಉಗುರುಬೆಚ್ಚಗಿನ ನೀರೇ ಸರಿ, ಆದರೆ ಅದು ಬಯಲಿನಲ್ಲಿ ಬೇಗ ಆರುತ್ತದೆ.

ಬ್ರಿಟನ್ನಿನಲ್ಲಿ 2005ರಲ್ಲಿ ಎತ್ತರದ ಕೆಲಸಗಳನ್ನು ಕುರಿತ ನಿಯಮಾವಳಿ ಜಾರಿಗೆ ಬಂದಿತು. ಸಾಧ್ಯವಿದ್ದಲ್ಲೆಲ್ಲ ಎತ್ತರಕ್ಕೆ ಏರದೆಯೇ ಕೆಲಸ ಮಾಡಬೇಕೆಂಬುದು ಅದರ ತಿರುಳು. ನೆಲದ ಮೇಲೆ ನಿಂತು ಉದ್ದನೆಯ ಕೋಲಿನ ತುದಿಯ ಕುಂಚದಿಂದ ಲವಣರಹಿತ ನೀರನ್ನು ಚಿಮ್ಮಿಸಿ ತೊಳೆಯುವ ಪದ್ಧತಿ ಈಗ ಅಲ್ಲಿ ಬಹಳವಾಗಿ ಹಬ್ಬಿದೆ. ಬೀಳುವ ಭಯ ಕಡಿಮೆಯಾಯಿತು, ಚಳಿಯ ಉಪದ್ರವ ಮಾತ್ರ ಬೇರೆ ವೇಷದಲ್ಲಿ ಬಂದಿತು. ಹೆಪ್ಪುಗಟ್ಟುವಾಗ ನೀರು ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ರಾತ್ರಿ ವ್ಯಾನಿನಲ್ಲಿ ಬಿಟ್ಟ ಕೊಳವೆ, ಪಂಪು, ಶೋಧಕಗಳು ಒಡೆಯುತ್ತವೆ. ಕಿಟಕಿಯಿಂದ ಸುರಿದ ನೀರು ಕಾಲುಹಾದಿಯ ಮೇಲೆ ಕಾಣದಂಥ ಮಂಜುಗಡ್ಡೆಯಾಗುತ್ತದೆ. ಮನೆಯ ಅಜ್ಜಿ ಬಾಗಿಲು ತೆರೆದು ಹೊರಗೆ ಕಾಲಿಟ್ಟರೆ ಸೊಂಟ ಮುರಿದಂತೆಯೇ. ಜವಾಬ್ದಾರಿಯುಳ್ಳವನು ವ್ಯಾನಿನಲ್ಲಿ ಒಂದು ಚೀಲ ಉಪ್ಪನ್ನು ಇಟ್ಟುಕೊಂಡಿರುತ್ತಾನೆ. ತೊಳೆದ ಮೇಲೆ ಹಾದಿಗೆ ಉಪ್ಪೆರಚುವುದೂ ಅವನ ಕೆಲಸದ ಭಾಗ.

ಇನ್ನು ಕೈಯ ಮಾತು. ಒಣಗಿದ ಕೈ ತಡೆಯಬಲ್ಲ ಚಳಿಯನ್ನು ಒದ್ದೆ ಕೈ ತಡೆಯಲಾರದು. ಇದಕ್ಕೆ ಕಾರಣಗಳು ಮೂರು. ನಿಶ್ಚಲವಾದ ಗಾಳಿಗೆ ಹೋಲಿಸಿದರೆ ನೀರು ಶಾಖವನ್ನು ಸುಮಾರು ಇಪ್ಪತ್ತೈದು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ಉಣ್ಣೆಯ ಕೈಗವಸು ಬೆಚ್ಚಗಿರಿಸುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಆ ಎಡೆಗಳಲ್ಲಿ ನೀರು ತುಂಬಿದರೆ ಗವಸು ಬಹುಮಟ್ಟಿಗೆ ತನ್ನ ಕೆಲಸವನ್ನು ಬಿಟ್ಟಂತೆ. ಎರಡನೆಯದು ಬಾಷ್ಪೀಭವನ. ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದರ ಬಹುಭಾಗವನ್ನು ಅದು ಚರ್ಮದಿಂದಲೇ ಕಸಿಯುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಬೇಸಗೆಯಲ್ಲಿ ಹಿತವಾದ ಈ ನಿಯಮ ಜನವರಿಯಲ್ಲಿ ಶತ್ರುವಾಗುತ್ತದೆ.

ಮೂರನೆಯದು ಗಾಳಿಯ ಬೀಸು. ಅಂಟಾರ್ಕ್‌ಟಿಕದಲ್ಲಿದ್ದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬ ಅಮೆರಿಕನ್ನರು ಚಿಕ್ಕ ಪಾತ್ರೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಬೇರೆ ಬೇರೆ ವೇಗದ ಗಾಳಿಯಲ್ಲಿ ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುವುದೆಂದು ಅಳೆದು 1945ರಲ್ಲಿ ಪ್ರಕಟಿಸಿದರು. ಅಮೆರಿಕ, ಕೆನಡಗಳು 2001ರಲ್ಲಿ ಆ ಲೆಕ್ಕವನ್ನು ತಿದ್ದಿ ಹೊಸ ಸೂತ್ರವನ್ನು ಬಳಕೆಗೆ ತಂದವು. ಅದರ ಪ್ರಕಾರ ಉಷ್ಣತೆ 5 ಡಿಗ್ರಿಯಿದ್ದು ಗಾಳಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬೀಸಿದರೆ, ಬರಿಯ ಮುಖಕ್ಕೆ ಅದು ಶೂನ್ಯ ಡಿಗ್ರಿಯ ಚಳಿಯಂತೆ ತಾಗುತ್ತದೆ. ಶೂನ್ಯ ಡಿಗ್ರಿಯಿದ್ದರೆ ಶೂನ್ಯಕ್ಕಿಂತ ಆರು ಡಿಗ್ರಿ ಕೆಳಗಿನಂತೆ. ಈ ಸೂತ್ರ ಒಣ ಚರ್ಮಕ್ಕೆ ಸಂಬಂಧಿಸಿದುದು. ಒದ್ದೆ ಚರ್ಮದ ಪಾಡು ಇನ್ನೂ ಹೀನ.

ಚಳಿ ತಾಗಿದೊಡನೆ ದೇಹ ಒಂದು ಕಠಿಣ ತೀರ್ಮಾನವನ್ನು ಕೈಗೊಳ್ಳುತ್ತದೆ. ಹೃದಯ, ಮಿದುಳು, ಯಕೃತ್ತುಗಳಿರುವ ನಡುಮನೆಯನ್ನು 37 ಡಿಗ್ರಿಯಲ್ಲಿ ಉಳಿಸಿಕೊಳ್ಳಲು ಅದು ಹೊರಜಗಲಿಯನ್ನು ಬಿಟ್ಟುಕೊಡುತ್ತದೆ. ಕೈಕಾಲುಗಳ ಚರ್ಮದ ರಕ್ತನಾಳಗಳು ಸಂಕೋಚಗೊಳ್ಳುತ್ತವೆ, ಬಿಸಿರಕ್ತ ಒಳಗೇ ತಿರುಗುತ್ತದೆ. ಬೆರಳಿನಲ್ಲಿ ಶಾಖವನ್ನು ಉತ್ಪಾದಿಸುವ ಸ್ನಾಯುಗಳಿಲ್ಲ. ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಮುಂಗೈಯಲ್ಲಿದ್ದು ಉದ್ದವಾದ ಸ್ನಾಯುರಜ್ಜುಗಳ ಮೂಲಕ ಅದನ್ನು ಎಳೆಯುತ್ತವೆ. ರಕ್ತ ತರುವ ಶಾಖವೇ ಬೆರಳಿಗೆ ಗತಿ. ಕಿಟಕಿ ತೊಳೆಯುವವನಿಗೆ ಇಲ್ಲಿ ಇನ್ನೊಂದು ಕಷ್ಟವಿದೆ. ಅವನ ಕೈ ಹೃದಯದ ಮಟ್ಟಕ್ಕಿಂತ ಮೇಲೆ ಎತ್ತಿದಂತೆಯೇ ಇರುವುದರಿಂದ ರಕ್ತದ ಒತ್ತಡ ಅಲ್ಲಿಗೆ ತಲಪುವಷ್ಟರಲ್ಲಿ ಕುಂದುತ್ತದೆ. ಎತ್ತಿದ ಕೈಯಿಂದ ಇಳಿದ ನೀರು ಮಣಿಕಟ್ಟನ್ನು ದಾಟಿ ತೋಳಿನೊಳಕ್ಕೆ ಹರಿದು, ಬೆರಳನ್ನು ಆಡಿಸುವ ಮುಂಗೈಯ ಸ್ನಾಯುಗಳನ್ನೇ ತಣ್ಣಗಾಗಿಸುತ್ತದೆ. ಅನುಭವಿಗಳು ಮಣಿಕಟ್ಟಿನ ಮೇಲೆ ಬಿಗಿಯಾದ ಪಟ್ಟಿ ಅಥವಾ ಮೊಣಕೈವರೆಗೆ ಬರುವ ಗವಸನ್ನು ಧರಿಸುವುದು ಬರಿಯ ಬಟ್ಟೆ ನೆನೆಯದಿರಲೆಂದಲ್ಲ.

ಸಾಮಾನ್ಯವಾಗಿ ಮೂವತ್ತು ಡಿಗ್ರಿಗೆ ಮೇಲಿರುವ ಕೈ ಚರ್ಮದ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿದಾಗ ಕೈಚಳಕ ಕುಗ್ಗುತ್ತದೆ. 8 ಡಿಗ್ರಿಯ ಸುಮಾರಿಗೆ ಸ್ಪರ್ಶಜ್ಞಾನವೇ ಮಾಯವಾಗುತ್ತದೆ. ಕೈ ಮರಗಟ್ಟಿತು ಎನ್ನುವುದು ಇದನ್ನೇ. ಏಣಿಯ ಮೆಟ್ಟಿಲನ್ನು ಹಿಡಿದಿದ್ದೇನೆಂದು ಭಾವಿಸಿದವನು ನಿಜವಾಗಿ ಹಿಡಿದಿರುವುದಿಲ್ಲ. ಚಳಿಯಿಂದ ಬೆರಳು ಕಳೆದುಕೊಳ್ಳುವುದಕ್ಕಿಂತ ಮೊದಲೇ ಚಳಿಯಿಂದ ಬೀಳುವ ಸಂಭವವುಂಟು. ನೋವು ನಿಂತಿತೆಂದರೆ ಕೈ ಚಳಿಗೆ ಒಗ್ಗಿತೆಂದು ಬಗೆಯುವುದು ಎಲ್ಲ ದೇಶಗಳ ದುಡಿಮೆಗಾರರಲ್ಲಿಯೂ ಇರುವ ಭ್ರಮೆ. ನೋವು ಕಾವಲುಗಾರ, ಅವನು ಸುಮ್ಮನಾದುದು ನಿದ್ದೆಹೋದುದರಿಂದ.

ಈ ಸಂಕೋಚದ ನಡುವೆ ಪ್ರಕೃತಿ ಒಂದು ಸಣ್ಣ ಕನಿಕರವನ್ನೂ ಇಟ್ಟಿದೆ. ತಣ್ಣೀರಿನಲ್ಲಿ ಬೆರಳನ್ನು ಅದ್ದಿಟ್ಟರೆ ಐದು ಹತ್ತು ನಿಮಿಷಗಳ ಅನಂತರ ರಕ್ತನಾಳಗಳು ತಾವಾಗಿ ತುಸು ತೆರೆದು ಬೆರಳು ಬೆಚ್ಚಗಾಗುತ್ತದೆ. ಮತ್ತೆ ಮುಚ್ಚುತ್ತವೆ, ಮತ್ತೆ ತೆರೆಯುತ್ತವೆ. ಇಂಗ್ಲೆಂಡಿನ ವೈದ್ಯವಿಜ್ಞಾನಿ ಥಾಮಸ್ ಲೂಯಿಸ್ 1930ರಲ್ಲಿ ಇದನ್ನು ವರ್ಣಿಸಿದನು. ಎಲ್ಲರಲ್ಲಿಯೂ ಇದು ಒಂದೇ ಬಗೆಯಾಗಿರುವುದಿಲ್ಲ. ಇಡಿಯ ಮೈ ತಣ್ಣಗಾದಾಗ ಈ ಕನಿಕರವೂ ಕಡಿಮೆಯಾಗುತ್ತದೆ. ಎದೆ, ಬೆನ್ನು, ತಲೆಗಳನ್ನು ಬೆಚ್ಚಗಿಟ್ಟುಕೊಂಡರೆ ಬೆರಳು ಬೆಚ್ಚಗಿರುತ್ತದೆಂಬುದಕ್ಕೆ ಇದೇ ಆಧಾರ. ಕೈಗವಸಿಗೆ ಹಣ ಸುರಿದು ತೆಳು ಅಂಗಿಯಲ್ಲಿ ಹೊರಡುವುದು ಬುದ್ಧಿವಂತಿಕೆಯಲ್ಲ.

ಒಳಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯ ಎಂಬ ಗಂಡಾಂತರ. ಗಡಗಡ ನಡುಕ, ತೊದಲು ಮಾತು, ಎಡವುವ ನಡೆ, ಮಂಕು ಇವು ಲಕ್ಷಣಗಳು. ಉಷ್ಣತೆ ಇನ್ನೂ ಇಳಿದು 32 ಡಿಗ್ರಿಗೆ ಸಮೀಪಿಸಿದಂತೆ ನಡುಕ ನಿಂತುಹೋಗುತ್ತದೆ. ಅದು ಗುಣವಲ್ಲ, ಕೇಡು. ನಡೆದಾಡುತ್ತ ದುಡಿಯುವವನಿಗೆ ಈ ಸ್ಥಿತಿ ಸುಲಭವಾಗಿ ಬರುವುದಿಲ್ಲ. ಬಟ್ಟೆ ತೊಯ್ದು, ಹಸಿದು, ಗಾಳಿಗೆ ನಿಂತವನಿಗೆ ಬರುತ್ತದೆ.

ಬೆರಳಿನ ಅಂಗಾಂಶವೇ ಹೆಪ್ಪುಗಟ್ಟುವ ಹಿಮಕಡಿತವನ್ನು ಎಲ್ಲರೂ ಕೇಳಿಬಲ್ಲರು. ದೇಹದ್ರವದಲ್ಲಿ ಲವಣವಿರುವುದರಿಂದ ಶೂನ್ಯಕ್ಕಿಂತ ಸ್ವಲ್ಪ ಕೆಳಗಾದರಷ್ಟೇ ಅದು ಸಾಧ್ಯ. ಆದರೆ ಮಂಜುಗಟ್ಟದ ಚಳಿಯೂ ಗಾಯ ಮಾಡಬಲ್ಲದು ಎಂಬುದು ಅಷ್ಟು ಪ್ರಚಾರದಲ್ಲಿಲ್ಲ, ತಿಳಿಯಬೇಕಾದುದು ಅದೇ. 1914ರಲ್ಲಿ ಆರಂಭವಾದ ಮಹಾಯುದ್ಧದಲ್ಲಿ ಫ್ಲಾಂಡರ್ಸಿನ ಕಂದಕಗಳ ಕೆಸರು ನೀರಿನಲ್ಲಿ ದಿನಗಟ್ಟಲೆ ನಿಂತ ಸಾವಿರಾರು ಸೈನಿಕರ ಪಾದಗಳು ಊದಿ, ಮರಗಟ್ಟಿ, ಕೊಳೆತವು. ಆ ವರ್ಷದ ಶರತ್ಕಾಲದಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿದಿದ್ದ ಭಾರತೀಯ ಪಡೆಗಳೂ ಮೊದಲ ಚಳಿಗಾಲವನ್ನು ಆ ಕಂದಕಗಳಲ್ಲಿಯೇ ಕಳೆದವು. ನೀರು ಹೆಪ್ಪುಗಟ್ಟಿರಲೇಬೇಕೆಂದಿರಲಿಲ್ಲ, ತಣ್ಣಗೆ ಒದ್ದೆಯಾಗಿದ್ದು ರಕ್ತ ಚಲಿಸದಿದ್ದರೆ ಸಾಕಾಗಿತ್ತು. ಪಾದಕ್ಕೆ ತಿಮಿಂಗಿಲದ ಎಣ್ಣೆ ತಿಕ್ಕುವುದು, ಒಣ ಕಾಲುಚೀಲ ಬದಲಾಯಿಸುವುದು ಸೈನ್ಯದಲ್ಲಿ ಕಡ್ಡಾಯವಾಯಿತು. ಹೀಗೆ ಕೆಟ್ಟ ನರಗಳು ಕೆಲವರಲ್ಲಿ ಎಂದೂ ಪೂರ್ತಿ ಸರಿಹೋಗುವುದಿಲ್ಲ. ಜೋಮು, ಉರಿ, ಚಳಿಯನ್ನು ಸಹಿಸದಿರುವಿಕೆ ಆಯುಷ್ಯವಿಡೀ ಉಳಿಯುತ್ತವೆ.

ಇದರ ಸೌಮ್ಯ ರೂಪವೇ ಚಿಲ್‌ಬ್ಲೇನ್. ಚಳಿ ಮತ್ತು ತೇವಕ್ಕೆ ಸಿಕ್ಕಿದ ಕೆಲವು ಗಂಟೆಗಳ ಮೇಲೆ ಕಾಲ್ಬೆರಳು, ಕೈಬೆರಳು, ಕಿವಿಯ ಅಂಚುಗಳಲ್ಲಿ ಕೆಂಪು ಅಥವಾ ನೇರಿಳೆ ಬಣ್ಣದ ಬಾವು ಕಾಣಿಸಿಕೊಂಡು, ಬೆಚ್ಚಗಿನ ಹಾಸಿಗೆಗೆ ಬಂದೊಡನೆ ತಡೆಯಲಾರದ ತುರಿಕೆ, ಉರಿ ಹತ್ತುತ್ತದೆ. ಮತ್ತೆ ಚಳಿಗೆ ಒಡ್ಡದಿದ್ದರೆ ಎರಡು ಮೂರು ವಾರಗಳಲ್ಲಿ ಅಡಗುತ್ತದೆ, ಕೆರೆದರೆ ಹುಣ್ಣಾಗುತ್ತದೆ. 1862ರಲ್ಲಿ ಮಾರಿಸ್ ರೇನೋ ಎಂಬ ಫ್ರೆಂಚ್ ವೈದ್ಯನು ವರ್ಣಿಸಿದ ತೊಂದರೆ ಇನ್ನೊಂದು ಬಗೆಯದು: ಚಳಿ ತಾಗಿದೊಡನೆ ಬೆರಳು ಸುಣ್ಣದಂತೆ ಬಿಳಿಚಿ, ಅನಂತರ ನೀಲಿಯಾಗಿ, ಬೆಚ್ಚಗಾದಾಗ ಕೆಂಪಾಗಿ ಜುಮುಗುಟ್ಟುತ್ತದೆ. ಇಂಥ ಪ್ರಕೃತಿಯವರು ಒದ್ದೆ ಕೆಲಸಕ್ಕೆ ಹೋಗುವ ಮುನ್ನ ವೈದ್ಯರನ್ನು ಕಾಣುವುದು ಅವಶ್ಯ.

ಹಾಗಾದರೆ ಕಿಟಕಿ ತೊಳೆಯುವವರು ಚಳಿಗಾಲವನ್ನು ಹೇಗೆ ನಿಭಾಯಿಸುತ್ತಾರೆ? ಒಳಗೆ ತೆಳುವಾದ ಉಣ್ಣೆಯ ಗವಸು, ಹೊರಗೆ ನೀರು ನುಗ್ಗದ ರಬ್ಬರಿನದು. ಹೊರಗವಸು ಬಿಗಿಯಾಗಿರಕೂಡದು, ಬಿಗಿಯಾದರೆ ರಕ್ತವೂ ಗಾಳಿಯೂ ಹಿಂಡಿಹೋಗುತ್ತವೆ. ಒಳಗವಸುಗಳು ಮೂರು ನಾಲ್ಕು ಜೊತೆ ಬೇಕು. ಬೆವರಿನಿಂದಲೇ ಒಂದು ಜೊತೆ ತೇವವಾಗುತ್ತದೆ. ಬೀದಿಯ ಸರದಿಯನ್ನು ಬದಲಿಸಿ ಮೊದಲು ಬಿಸಿಲು ಬೀಳುವ ಮಗ್ಗುಲನ್ನು ತೊಳೆಯುವುದು, ನೆರಳಿನ ಕಡೆಯದನ್ನು ನಡುಹಗಲಿಗೆ ಬಿಡುವುದು ಒಂದು ಜಾಣತನ. ನೋವು ಆರಂಭವಾದಾಗಲೇ ಕೈಯನ್ನು ಒರೆಸಿ ಕಂಕುಳಲ್ಲಿ ಇಟ್ಟುಕೊಳ್ಳಬೇಕು, ಮರಗಟ್ಟುವವರೆಗೆ ಕಾಯಬಾರದು. ಚಳಿಯಲ್ಲಿ ಮೂತ್ರ ಹೆಚ್ಚು, ಬಾಯಾರಿಕೆ ಕಡಿಮೆ. ಆದುದರಿಂದ ಬಿಸಿ ಪಾನೀಯ ಆಗಾಗ ಬೇಕು. ಬ್ರಾಂದಿಯ ಗುಟುಕು ಮೈ ಬಿಸಿಮಾಡುವುದೆಂಬುದು ಸುಳ್ಳು: ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಚೆಲ್ಲುತ್ತದೆ, ಬೆಚ್ಚಗೆನಿಸುವುದು ಕಳೆದುಕೊಳ್ಳುತ್ತಿರುವ ಶಾಖ. ತಂಬಾಕಿನ ಹೊಗೆ ಇದಕ್ಕೆ ವಿರುದ್ಧವಾಗಿ ನಾಳಗಳನ್ನು ಕುಗ್ಗಿಸಿ ಬೆರಳಿನ ರಕ್ತವನ್ನು ತಡೆಯುತ್ತದೆ.

ಮರಗಟ್ಟಿದ ಅಂಗವನ್ನು ತಿಕ್ಕುವುದು ಹಳೆಯ ತಪ್ಪು. 1812ರಲ್ಲಿ ರಷ್ಯದಿಂದ ಹಿಮ್ಮೆಟ್ಟಿದ ನೆಪೋಲಿಯನ್ನನ ಸೈನ್ಯದ ಶಸ್ತ್ರವೈದ್ಯ ಲಾರೆ, ಶಿಬಿರದ ಬೆಂಕಿಗೆ ಹಿಡಿದ ಕೈಕಾಲುಗಳು ಸುಟ್ಟು ಕೊಳೆಯುವುದನ್ನು ಕಂಡು, ಹಿಮದಿಂದ ಉಜ್ಜಿ ಮೆಲ್ಲಗೆ ಬಿಸಿಮಾಡಲು ಹೇಳಿದನು. ಬೆಂಕಿಯ ಎಚ್ಚರಿಕೆ ಸರಿಯಾದುದೇ. ಹಿಮದಿಂದ ಉಜ್ಜುವುದು ಮಾತ್ರ ನೂರು ವರ್ಷಕ್ಕೂ ಮೀರಿ ವೈದ್ಯರನ್ನು ದಾರಿತಪ್ಪಿಸಿತು. 1960ರಲ್ಲಿ ಅಲಾಸ್ಕದ ವೈದ್ಯ ವಿಲಿಯಂ ಮಿಲ್ಸ್ ಮೊದಲಾದವರು ಬೆಚ್ಚಗಿನ ನೀರಿನಲ್ಲಿ ಬೇಗ ಕರಗಿಸುವುದೇ ಮೇಲೆಂದು ತೋರಿಸಿದರು. ಇಂದು ಹಿಮಕಡಿತಕ್ಕೆ 37ರಿಂದ 39 ಡಿಗ್ರಿ ನೀರನ್ನು ವೈದ್ಯರು ಬಳಸುತ್ತಾರೆ. ಮತ್ತೆ ಹೆಪ್ಪುಗಟ್ಟುವ ಸಂಭವವಿದ್ದಲ್ಲಿ ಕರಗಿಸಬಾರದೆಂಬ ನಿಯಮವೂ ಇದೆ. ಚಿಲ್‌ಬ್ಲೇನಿಗಾದರೆ ಬಿಸಿನೀರು ಬೇಡ, ಕೋಣೆಯ ಸೆಕೆಯಲ್ಲಿ ತಾನಾಗಿ ಬೆಚ್ಚಗಾಗಲು ಬಿಡಬೇಕು.

ಮಂಜುಗಟ್ಟದ ಚಳಿಯೂ ಗಾಯ ಮಾಡಬಲ್ಲದೆಂದ ಮೇಲೆ ಈ ಮಾತು ದೆಹಲಿಗೂ ಸಲ್ಲುತ್ತದೆ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ, 1884ರ ಜನವರಿ 13ರಂದು. ದೆಹಲಿಯ ಜನವರಿ ತಿಂಗಳ ಸರಾಸರಿ ಕನಿಷ್ಠ ಉಷ್ಣತೆಯೇ ಸುಮಾರು ಅಷ್ಟು! ಅಲ್ಲಿ ಶತಮಾನಕ್ಕೊಮ್ಮೆ ಬಂದುದು ಇಲ್ಲಿ ದಿನದ ಮಾತು. ಸಫ್ದರ್‌ಜಂಗ್ ವೀಕ್ಷಣಾಲಯದಲ್ಲಿ 1935ರ ಜನವರಿ 16ರಂದು ಶೂನ್ಯಕ್ಕಿಂತ 0.6 ಡಿಗ್ರಿ ಕೆಳಗೂ, 2006ರ ಜನವರಿ 8ರಂದು 0.2 ಡಿಗ್ರಿಗೂ ಇಳಿದುದುಂಟು. ಊರಿನಲ್ಲಿ ಮಾಗಿಯೆಂದರೆ ತುಟಿ ಒಡೆಯುವುದು, ಹಿಮ್ಮಡಿ ಬಿರಿಯುವುದು ಇಷ್ಟನ್ನೇ ಕಂಡ ಕನ್ನಡಿಗರು ಇಲ್ಲಿಯ ಮೊದಲ ಜನವರಿಯಲ್ಲಿ ಕಾಲ್ಬೆರಳು ಕೆಂಪಾಗಿ ಊದಿ ತುರಿಸಿದಾಗ ಸೊಳ್ಳೆ ಕಡಿತವೆಂದೋ, ಗಜಕರ್ಣವೆಂದೋ ತಿಳಿದು ಸಿಕ್ಕ ಮುಲಾಮನ್ನು ಹಚ್ಚುತ್ತಾರೆ. ಬೇಕಾದುದು ಒಣ ಕಾಲುಚೀಲ. ನಸುಕಿನಲ್ಲಿ ಬರಿಗಾಲಿನಲ್ಲಿ ತಣ್ಣನೆಯ ಮೊಸಾಯಿಕ್ ನೆಲದ ಮೇಲೆ ನಿಂತು ಪಾತ್ರೆ ತೊಳೆಯುವ ಗೃಹಿಣಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ಬಾಗಿಲು ಕಿಟಕಿ ಮುಚ್ಚಿ ಇದ್ದಿಲ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು ಮಲಗುವುದು ಮಾತ್ರ ಎಂದಿಗೂ ಸಲ್ಲದು. ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ನಿದ್ದೆಯಲ್ಲಿಯೇ ಕೊಲ್ಲುತ್ತದೆ. ಉತ್ತರ ಭಾರತದಲ್ಲಿ ಚಳಿಗಾಲದ ಪತ್ರಿಕೆಗಳಲ್ಲಿ ಇಂಥ ಸುದ್ದಿ ತಪ್ಪುವುದಿಲ್ಲ.

ದೆಹಲಿಯ ಬಡಾವಣೆಗಳಲ್ಲಿ ಬೆಳಗಿನ ಜಾವ ಐದು ಆರರ ಹೊತ್ತಿಗೆ ಬಕೆಟ್ಟು, ಬಟ್ಟೆ ಹಿಡಿದು ಮನೆಯಿಂದ ಮನೆಗೆ ಸಾಗುತ್ತ ಕಾರು ತೊಳೆಯುವವರಿದ್ದಾರೆ. ತಿಂಗಳ ಲೆಕ್ಕದ ವರ್ತನೆಯ ಮನೆಗಳು, ತಪ್ಪಿದರೆ ಹಣ ಕಡಿತ; ಗ್ಲಾಸ್ಗೋದ ಕಸಬಿನವನ ಬಾಳೇ ಇದು, ಗವಸೊಂದಿಲ್ಲ. ದಿನದ ಅತಿ ತಣ್ಣನೆಯ ಗಳಿಗೆ ಸೂರ್ಯೋದಯದ ಸುಮಾರಿನದು. ಅವರ ಕೆಲಸ ಬೀಳುವುದೂ ಅದೇ ಹೊತ್ತಿಗೆ. ಮಾಳಿಗೆಯ ತೊಟ್ಟಿಯ ನೀರು ರಾತ್ರಿಯಿಡೀ ಬಯಲ ಚಳಿ ಕುಡಿದಿರುತ್ತದೆ, ಆಗತಾನೇ ಎತ್ತಿದ ಕೊಳವೆಬಾವಿಯ ನೀರು ಅದಕ್ಕಿಂತ ಎಷ್ಟೋ ಬೆಚ್ಚಗಿರುತ್ತದೆ. ಕೊಳವೆಬಾವಿಯಿಲ್ಲದ ಮನೆಯವರು ಗೀಸರಿನಿಂದ ಒಂದು ತಂಬಿಗೆ ಬೆರೆಸಿಕೊಟ್ಟರೂ ಆಯಿತು. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ವಾರಕ್ಕೊಮ್ಮೆ ತೊಳೆದು ಉಳಿದ ದಿನ ಇಬ್ಬನಿಯನ್ನು ಒಣಬಟ್ಟೆಯಲ್ಲಿ ಒರೆಸಿದರೆ ಕಾರಿಗೆ ಯಾವ ಕೊರತೆಯೂ ಇಲ್ಲ. ಅದು ಬೆಳಗಿನ ಆರಕ್ಕೇ ಹೊಳೆಯಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಮೊಣಕೈವರೆಗಿನ ರಬ್ಬರ್ ಗವಸು ಪಾತ್ರೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಒಳಗೆ ಹಾಕಲು ಹಳೆಯ ಉಣ್ಣೆಯದೊಂದು ಮನೆಯಲ್ಲಿಯೇ ಇದ್ದೀತು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಗುವುದೆಂಬ ಊರಿನ ಮಾತು ದೆಹಲಿಗೂ ಸುಮಾರಾಗಿ ಹೊಂದುತ್ತದೆ, ಬೆರಳಿನ ಬಾವು ತುರಿಕೆಗಳೂ ಆ ವೇಳೆಗೆ ಅಡಗಬೇಕು. ಹೋಳಿ ಕಳೆದ ಮೇಲೂ ಜೋಮು ಉಳಿದಿದ್ದರೆ, ಬೆರಳಿನ ತುದಿ ಕಪ್ಪಾಗಿದ್ದರೆ, ಅಥವಾ ಹುಣ್ಣು ಮಾಯದಿದ್ದರೆ ಆಸ್ಪತ್ರೆಗೆ ಹೋಗಿ ತೋರಿಸಬೇಕು.